ಬಿಸಿಲಿಗೆ ಎರಡು ಕೆಲಸ

ತಾರಸಿಯ ತೆಂಕಣ ಭಾಗ ಶೆಟ್ಲಿಯದು.
ಹಂಚು ಇಳಿಸಿ ಸ್ಲ್ಯಾಬು ಹಾಕಿಸಿದ ವರ್ಷದಿಂದ
ಹಳೇ ಬಲೆ ಹಾಸಿ, ಮೇಲೆ ಶೆಟ್ಲಿ ಹರಡಿ,
ಮೂಲೆಗೊಂದು ಸತ್ತ ಕಾಗೆಯ ರೆಕ್ಕೆ ಕಟ್ಟಿ
ನಾನು ಕೆಳಗಿಳಿದರೆ ಸೂರ್ಯ ಮೇಲೆ ದುಡಿಯುತ್ತಿದ್ದ,
ಕೂಲಿ ಕೇಳದೆ, ಚಾ ಕೇಳದೆ.

ಈಗ ಅಲ್ಲಿ ಆರು ಹಲಗೆ, ನೀಲಿ,
ಹಾರವಾಡದ ಸಮುದ್ರಕ್ಕಿಂತ ಒಂದು ಕೈ ಹೆಚ್ಚೇ ನೀಲಿ.
ಅಂಕೋಲೆಯಿಂದ ಬಂದ ಕಂಪನಿಯ ಹುಡುಗ
ಇವರ ಮೊಬೈಲಿಗೆ ಎಂತದೋ ಇಳಿಸಿಕೊಟ್ಟು
"ಸಬ್ಸಿಡಿ ಬರ್ತದೆ, ಬಿಲ್ಲು ಬರೂದಿಲ್ಲ" ಅಂದ.
ಎರಡರಲ್ಲಿ ಒಂದು ನಿಜವಾಯಿತು.
ಇನ್ನೊಂದನ್ನು ಬ್ಯಾಂಕಿನವರು ಹುಡುಕುತ್ತಿದ್ದಾರೆ.

ಇವರು ಬೆಳಿಗ್ಗೆ ದೇವರ ಪಟ ನೋಡುವ ಮೊದಲು
ಮೊಬೈಲು ನೋಡುತ್ತಾರೆ.
"ನಿನ್ನೆ ಒಂಬತ್ತು ಯೂನಿಟ್." ಮುಖ ಅರಳಿತು.
"ನಾಲ್ಕೇ." ಅವತ್ತಿನ ಗಂಜಿಗೆ ಉಪ್ಪು ಸಾಲದು.
ಮೊದಲು ಮೋಡ ಕಂಡರೆ ಬೋಟಿನ ಚಿಂತೆ,
ಈಗ ಬೋಟು ದಡದಲ್ಲಿದ್ದರೂ ಮೋಡದ ಚಿಂತೆ.

ಶೆಟ್ಲಿ ಎಲ್ಲಿ ಒಣಗಬೇಕು?
ಹಲಗೆಯ ಸಂದಿಯಲ್ಲಿ. ನೆರಳು ಸರಿದಂತೆ
ನಾನೂ ಕುಕ್ಕರಗಾಲಲ್ಲಿ ಬಲೆ ಸರಿಸುತ್ತ.
ಶೆಟ್ಲಿ ಇದ್ದಲ್ಲಿ ಕಾಗೆ. ಕಾಗೆ ಇದ್ದಲ್ಲಿ ಹಿಕ್ಕೆ.
ಇಷ್ಟು ಬಿಳಿ ಚುಕ್ಕೆಗೆ ಅಷ್ಟು ಲುಕ್ಸಾನು
ಎಂದು ಮೊಬೈಲಿನೊಳಗಿನ ಯಾರೋ ದೂರು ಹೇಳುತ್ತಾರೆ,
ಇವರ ಅಕ್ಕನ ಹಾಗೇ, ಎದುರಿಗೆ ಬಾರದೆ.
ಉಪ್ಪುಗಾಳಿ ಬೇರೆ. ವಾರಕ್ಕೊಮ್ಮೆ ತೊಳೆಯಬೇಕಂತೆ,
ಸಿಹಿನೀರಲ್ಲಿ.
ಸಿಹಿನೀರು! ಮೇ ತಿಂಗಳಲ್ಲಿ!
ಬಾವಿಯ ತಳಕ್ಕೆ ಕೊಡ ಕೆರೆಯುವಾಗ
ಆ ಆರೂ ನನಗೆ ಬಾಣಂತಿಯರ ಹಾಗೆ ಕಾಣುತ್ತವೆ,
ಮೀಸಿಕೊಂಡು ಕಾಲು ಚಾಚಿ ಮಲಗಿದವರು.

ಪಕ್ಕದ ದ್ರೌಪದಿಗೆ ಬೇರೆಯದೇ ಭಯ.
"ಅದರ ಕಾವಿಗೆ ತೆಂಗಿನ ಮಿಡಿ ಉದುರ್ತದಂತೆ, ಹೌದೇ?"
ಅವಳ ಮಿಡಿ ಉದುರುತ್ತಿರುವುದು ಮೂರು ವರ್ಷದಿಂದ,
ಹಲಗೆ ಬಂದದ್ದು ಕಳೆದ ದೀಪಾವಳಿಗೆ.
ಆದರೂ ರಾತ್ರಿ ಒಬ್ಬಳೇ ಮೇಲೆ ಹೋಗಿ
ಕೈಯಿಟ್ಟು ನೋಡಿದೆ.
ತಣ್ಣಗಿತ್ತು. ಇಬ್ಬನಿ ಕೂತಿತ್ತು.

ಆಮೇಲೆ ಆ ಗುರುವಾರ.
ಮಳೆಗಿಂತ ಮೊದಲು ಬರುವ ಗಾಳಿ
ರಸ್ತೆ ಬದಿಯ ಗಾಳಿಮರ ಕೆಡವಿ ಕರೆಂಟು ಹೋಯಿತು.
ಗಾಳಿ ನಿಂತದ್ದೇ ಬಿಸಿಲು, ಕಣ್ಣು ಕುಕ್ಕುವ ಬಿಸಿಲು.
ಮೇಲೆ ಆರು ಹಲಗೆ ಮಿರಿಮಿರಿ,
ಕೆಳಗೆ ಫ್ಯಾನು ಕೈಚೆಲ್ಲಿ ನಿಂತಿದೆ,
ಸಂಘದ ಫ್ರೀಜರಿನಲ್ಲಿ ಹನ್ನೆರಡು ಕಿಲೋ ಇಸ್ವಾಣ
ಬೆವರತೊಡಗಿದೆ.
ಹುಡುಗನಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದು ಬೈದೆ.
ಬಿಸಿಲು ನನ್ನ ತಲೆ ಮೇಲಿನದು, ಸ್ಲ್ಯಾಬು ನನ್ನದು, ಸಾಲ ನನ್ನದು,
ಕರೆಂಟು ಮಾತ್ರ ಯಾರ ಅಪ್ಪಣೆ ಕಾಯ್ತದೆ?

ಅವನು ಎಲ್ಲ ಕೇಳಿಸಿಕೊಂಡು ಸಾವಕಾಶ ಹೇಳಿದ:
"ಅಕ್ಕಾ, ಲೈನು ಹೋದ್ರೆ ಅದು ತಾನೂ ನಿಲ್ತದೆ.
ಇಲ್ಲಾಂದ್ರೆ ನಿಮ್ಮನೆ ಕರೆಂಟು ತಂತಿಗೆ ಹೋಗಿ
ಕಂಬದಲ್ಲಿದ್ದವನಿಗೆ ಹೊಡೀತದೆ."

ಕಂಬದಲ್ಲಿದ್ದವ.
ಹೊರಗೆ ಬಂದು ನೋಡಿದೆ. ಪುರ್ಸು ಗೌಡ,
ಸೊಂಟಕ್ಕೆ ಹಗ್ಗ, ಬಾಯಲ್ಲಿ ಇಕ್ಕಳ,
ಒಗೆದ ಸೀರೆ ಎಳೆದು ಒಣಹಾಕುವವರಂತೆ
ತಂತಿ ಎಳೆಯುತ್ತಿದ್ದ.
ಎಡಗೈಯಲ್ಲಿ ಮೂರೇ ಬೆರಳು.
ಐಸ್ ಫ್ಯಾಕ್ಟರಿಯ ಜನರೇಟರು ಒಮ್ಮೆ ಹಿಂದಿನಿಂದ ಕಚ್ಚಿದ್ದು
ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ.

ತಾರಸಿ ನೋಡಿದೆ. ಮತ್ತೆ ಕಂಬ.
ಫೋನಿನಲ್ಲಿ ಹುಡುಗ "ಅಕ್ಕಾ? ಅಕ್ಕಾ?" ಅನ್ನುತ್ತಲೇ ಇದ್ದ.

ಇಸ್ವಾಣದ ಲುಕ್ಸಾನು ಲುಕ್ಸಾನೇ.
ಸಂಘದ ವಹಿಯಲ್ಲಿ ನನ್ನ ಹೆಸರಿಗಿದೆ, ಕಂತು ಕಟ್ಟುತ್ತಿದ್ದೇನೆ.
ಬ್ಯಾಟರಿ ಹಾಕಿಸಿ ಅಂತ ಹುಡುಗ ಮೊನ್ನೆ
ಹೊಸ ಲೆಕ್ಕದ ಕಾಗದ ಕೊಟ್ಟು ಹೋದ.
ಗಟ್ಟಿ ಕಾಗದ. ಅದರಲ್ಲೇ ಎರಡು ಮುಷ್ಟಿ ಶೆಟ್ಲಿ ಕಟ್ಟಿ
ಪುರ್ಸುವಿಗೆ ಕೊಟ್ಟೆ.
ಅವನು ಬಿಚ್ಚಿ, ಮೂಸಿ,
"ಈ ಸಲ ಬಿಸಿಲು ಸಾಲಲಿಲ್ಲ, ಅಲ್ದಾ?" ಅಂದ.